ಕಣ್ಣಾರೆ ಕಂಡಿದ್ದೇನೆ

ಫೆಬ್ರವರಿ 3

ಪರವಾನಗಿ ಕಚೇರಿಯ ಪರಮಾಧಿಕಾರಿಯೂ ನನ್ನ ಹೆಂಡತಿಯ ಒಬ್ಬನೇ ತಮ್ಮನೂ ಆದ ಭಾಮೈದನಿಗೆ,

ಇಲ್ಲಿ ನಾವು ಕ್ಷೇಮ. ನಿನ್ನ ಕಚೇರಿಯ ಸುತ್ತೋಲೆ ಕೈಸೇರುವವರೆಗೆ ಇನ್ನೂ ಹೆಚ್ಚು ಕ್ಷೇಮವಾಗಿದ್ದೆವು. ಇದಕ್ಕೆಲ್ಲ ಕಾಗದ ಯಾಕೆ, ಫೋನು ಮಾಡಬಾರದಿತ್ತೇ ಅನ್ನಬೇಡ. ಮೂವತ್ತೆಂಟು ವರ್ಷ ಕೋವಿ ರಿಪೇರಿ ಮಾಡಿದವನ ಕಿವಿ ಇದು. ಫೋನಿನಲ್ಲಿ ನೀನು 'ನಮಸ್ಕಾರ' ಅಂದರೆ ನನಗೆ 'ತಿರಸ್ಕಾರ' ಅಂತ ಕೇಳಿಸುತ್ತದೆ.

ಈ ವರ್ಷದಿಂದ ಕೋವಿ ಲೈಸೆನ್ಸು ನವೀಕರಿಸಬೇಕಾದರೆ ಅರ್ಜಿದಾರ ಒಬ್ಬನೇ ಸಹಿ ಹಾಕಿದರೆ ಸಾಲದಂತೆ. ನಾಲ್ಕನೇ ಕಾಲಂನಲ್ಲಿ ಅದೇ ಮನೆಯಲ್ಲಿ ವಾಸಿಸುವ ಇನ್ನೊಬ್ಬ ವಯಸ್ಕರು ಹೀಗೆ ಬರೆದುಕೊಡಬೇಕಂತೆ: 'ಇಲ್ಲಿನ ಕೋವಿಗಳನ್ನೆಲ್ಲ ಖಾಲಿ ಮಾಡಿ ಬೀಗ ಹಾಕಿ ಇಡಲಾಗಿದೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಇವು ಈ ಮನೆಯಲ್ಲಿರುವುದಕ್ಕೆ ನನ್ನ ತಕರಾರಿಲ್ಲ.'

ಅಯ್ಯಾ, ನಿಯಮ ಅನ್ನುವ ಪದದೊಳಗೇ ಯಮ ಕೂತಿದ್ದಾನೆ ಅನ್ನುವುದು ಗೊತ್ತಿತ್ತು. ಅವನು ನಮ್ಮ ಮನೆಯವನೇ ಅನ್ನುವುದು ಈಗ ಗೊತ್ತಾಯಿತು. ಸುತ್ತೋಲೆಯ ಕೆಳಗೆ ನಿನ್ನ ಸಹಿ ಇದೆ. ಸ್ವತಂತ್ರ ದೇಶದಲ್ಲಿ ಪ್ರಜೆಯನ್ನು ಮೊದಲು ನಂಬಬೇಕು, ತಪ್ಪು ಮಾಡಿದರೆ ಆಮೇಲೆ ಹಿಡಿಯಬೇಕು. ಮೊದಲು ಅನುಮಾನಪಟ್ಟು ಆಮೇಲೆ ನಂಬುವುದು ಸರ್ಕಾರದ ಕೆಲಸವಲ್ಲ, ಅತ್ತೆಯ ಕೆಲಸ.

ನನ್ನ ಲೈಸೆನ್ಸು ಏಪ್ರಿಲ್ ಮೂವತ್ತಕ್ಕೆ ಮುಗಿಯುತ್ತದೆ. ಅದಿಲ್ಲದೆ ಗಿರಾಕಿಯ ಕೋವಿಯನ್ನು ಒಂದು ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಳ್ಳದೆ ರಿಪೇರಿ ಇಲ್ಲ, ರಿಪೇರಿ ಇಲ್ಲದೆ ಅಂಗಡಿ ಇಲ್ಲ. ಅಂಗಡಿ ಇಲ್ಲದೆ ನಾನು ಇಡೀ ದಿನ ಮನೆಯಲ್ಲಿರುತ್ತೇನೆ. ನಿನ್ನ ಅಕ್ಕನ ಮೇಲೆ ನಿನಗೆ ಕರುಣೆ ಬೇಡವೇ?

ನಿನ್ನ ಸುತ್ತೋಲೆಯಿಂದ ತಲೆಸುತ್ತಿದ
ಭಾವ

*

ಫೆಬ್ರವರಿ 11

ಪೂಜ್ಯ ಭಾವನವರಿಗೆ,

ನಿಮ್ಮ ನಾಲಿಗೆ ನಿಮ್ಮ ಕೋವಿಯ ನಳಿಗೆಗಿಂತ ಉದ್ದ ಅಂತ ಅಕ್ಕ ಮದುವೆಯಾದ ವಾರವೇ ಬರೆದಿದ್ದಳು. ಆಗ ನಂಬಿರಲಿಲ್ಲ.

ಆ ನಿಯಮ ಬರೆದವನು ನಾನೇ, ಒಪ್ಪಿದೆ. ಕಚೇರಿಯಲ್ಲಿ ಕೂತರೆ ಒಂದು ವಿಷಯ ಕಾಣುತ್ತದೆ. ಕೋವಿ ಇಟ್ಟುಕೊಂಡವರು ಕಳ್ಳನ ನೆಪ ಹೇಳುತ್ತಾರೆ. ಆದರೆ ಕಳ್ಳ ಬರುವುದು ಎಂದೋ ಒಂದು ದಿನ. ಆ ಕೋವಿಯ ಮುಂದೆ ದಿನವೂ ಓಡಾಡುವವರು ಮನೆಯವರು. ಅರ್ಜಿಯಲ್ಲಿ ಅವರಿಗೂ ಒಂದು ಗೆರೆಯಷ್ಟು ಜಾಗ ಇರಲಿ ಅಂತ ನಾಲ್ಕನೇ ಕಾಲಂ ಮಾಡಿದೆ. ತಪ್ಪು ಮಾಡಿದವನನ್ನು ಆಮೇಲೆ ಹಿಡಿಯಬಹುದು ಅನ್ನುತ್ತೀರಿ. ಮನುಷ್ಯನನ್ನು ಹಿಡಿಯಬಹುದು ಭಾವ, ಹೊರಟ ಗುಂಡನ್ನು ಹಿಡಿಯಲಾಗುವುದಿಲ್ಲ.

ನಿಮಗೇನು ಕಷ್ಟ? ಅಕ್ಕ ಅಡುಗೆಮನೆಯಲ್ಲೇ ಇದ್ದಾಳೆ, ಪೆನ್ನು ನಿಮ್ಮ ಜೇಬಿನಲ್ಲೇ ಇದೆ. ಒಂದು ನಿಮಿಷದ ಕೆಲಸ. ಗಲೀಜಾದರೆ ಇರಲಿ ಅಂತ ಎರಡು ಅರ್ಜಿ ನಮೂನೆ ಇದರೊಂದಿಗಿಟ್ಟಿದ್ದೇನೆ.

ವಿಧೇಯ
ಭಾಮೈದ

*

ಮಾರ್ಚ್ 2

ಭಾಮೈದನಿಗೆ,

ಒಂದು ನಿಮಿಷದ ಕೆಲಸ ಅಂದೆಯಲ್ಲ? ಇಂದಿಗೆ ಹದಿಮೂರು ದಿನ.

ಮೊದಲ ದಿನ ಅರ್ಜಿಯನ್ನು ಅವಳ ಕಾಫಿ ಲೋಟದ ಪಕ್ಕ ಇಟ್ಟೆ. ಲೋಟ ಖಾಲಿಯಾಯಿತು, ಕಾಲಂ ಖಾಲಿ ಉಳಿಯಿತು. ಎರಡನೇ ದಿನ ಅವಳ ಕನ್ನಡಕದ ಕೆಳಗಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ, ನಾಲ್ಕು ಮಡಿಕೆ ಮಾಡಿ, ನನ್ನ ಸ್ಪ್ರಿಂಗುಗಳ ಡಬ್ಬಿಯೊಳಗೆ ತುರುಕಿದಳು. ವಾರ ಬಿಟ್ಟು ನೇರವಾಗಿಯೇ ಕೇಳಿದೆ.

"ಸಹಿ ಹಾಕ್ತೀಯಾ ಇಲ್ವಾ?"

"ನೋಡೋಣ."

"ನೋಡೋಕೆ ಏನಿದೆ ಅದರಲ್ಲಿ?"

"ನಾನೂ ಅದನ್ನೇ ಕೇಳ್ತಿದೀನಿ," ಅಂದು ತರಕಾರಿ ಹೆಚ್ಚುವುದಕ್ಕೆ ಕೂತಳು.

ಸಹಧರ್ಮಿಣಿಯಲ್ಲಿ 'ಸಹ' ಇದೆ, 'ಸಹಿ' ಇಲ್ಲ ಅನ್ನುವುದು ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ತಿಳಿಯಿತು.

ಮೊನ್ನೆ ನಮ್ಮ ಗುರಿಕಾರರ ಸಂಘದಲ್ಲಿ ನನ್ನದೇ ಭಾಷಣ. ವಿಷಯ 'ಸ್ವತಂತ್ರ ಪ್ರಜೆ ಮತ್ತು ಅವನ ಕೋವಿ'. ಹಕ್ಕಿ ಹೊಡೆಯುವುದಕ್ಕೂ ಹಕ್ಕು ಬೇಕು, ಹೊಡೆಯದೆ ಸುಮ್ಮನಿರುವುದಕ್ಕೂ ಹಕ್ಕು ಬೇಕು ಅಂದೆ. ಭಾರೀ ಚಪ್ಪಾಳೆ. ಹೆಂಡತಿ ತಕರಾರು ಎತ್ತಿದರೆ ಅದು ಕೋವಿಯ ಮೇಲಿನ ತಕರಾರೋ, ಗಂಡನ ಮೇಲಿನ ತಕರಾರೋ ಅನ್ನುವುದನ್ನು ಯಾವ ಅಧಿಕಾರಿ ಅಳೆಯುತ್ತಾನೆ ಅಂದೆ. ಇನ್ನೂ ಭಾರೀ ಚಪ್ಪಾಳೆ. ಕೆಳಗಿಳಿದ ಮೇಲೆ ಕಾರ್ಯದರ್ಶಿ ಹತ್ತಿರ ಬಂದು, "ಅದ್ಭುತ! ಅಂದಹಾಗೆ, ನಿಮ್ಮ ಅರ್ಜಿ ಕಳಿಸಿದ್ರಾ?" ಅಂದರು. ಕಿವಿ ಕೇಳಿಸದವನಂತೆ ನಟಿಸಿದೆ. ಈ ಕಿವಿಯಿಂದ ಆದ ಲಾಭ ಅದೊಂದೇ.

ಈಗ ವಿಷಯಕ್ಕೆ ಬರುತ್ತೇನೆ. ರಿಪೇರಿ ಅಂಗಡಿಗಳಿಗೆ ನಾಲ್ಕನೇ ಕಾಲಂ ಅನ್ವಯಿಸುವುದಿಲ್ಲ ಅಂತ ನೀನು ಒಂದು ಗೆರೆ ಬರೆದರೆ ಮುಗಿಯಿತು. ನಿಯಮ ಮಾಡಿದ ಕೈಗೆ ವಿನಾಯಿತಿ ಕೊಡುವುದೇನು ಭಾರ?

ಭಾವ

*

ಮಾರ್ಚ್ 9

ಭಾವನವರಿಗೆ,

ನೀವು ಭಾಷಣದಲ್ಲಿ ಎತ್ತಿದ ಪ್ರಶ್ನೆ ಸರಿಯಾದದ್ದು. ಕೋಪಕ್ಕೆ ತಡೆಹಿಡಿದ ಸಹಿ ಯಾವುದು, ಭಯಕ್ಕೆ ತಡೆಹಿಡಿದ ಸಹಿ ಯಾವುದು ಅನ್ನುವುದು ಕಾಗದ ನೋಡಿದರೆ ನಮಗೂ ಗೊತ್ತಾಗುವುದಿಲ್ಲ. ನಿಯಮ ತಿದ್ದುವಾಗ ಈ ಮಾತು ಇಡುತ್ತೇನೆ, ಹೆಸರು ಹೇಳದೆ.

ಆದರೆ ವಿನಾಯಿತಿ ಆಗುವುದಿಲ್ಲ. ಒಬ್ಬ ಭಾವನಿಗೆ ಬಿಟ್ಟುಕೊಟ್ಟರೆ ಮಾರನೆಯ ದಿನ ಊರಿನವರೆಲ್ಲ ನನಗೆ ಭಾವಂದಿರಾಗುತ್ತಾರೆ.

ಅಕ್ಕನಿಗೆ ಸಹಿ ಹಾಕು ಹಾಕು ಅಂದಿರಿ, ಸರಿ. ಯಾಕೆ ಹಾಕುತ್ತಿಲ್ಲ ಅಂತ ಒಮ್ಮೆಯಾದರೂ ಕೇಳಿದಿರಾ?

ಭಾಮೈದ

*

ಮಾರ್ಚ್ 14

ಮಾನ್ಯ ಅಧಿಕಾರಿಗಳಿಗೆ,

ತಮ್ಮ ಪತ್ರ ತಲುಪಿತು. ನನ್ನ ಮನೆಯಲ್ಲಿ ಏನು ಕೇಳಬೇಕು, ಏನು ಕೇಳಬಾರದು ಅನ್ನುವುದಕ್ಕೆ ತಾವು ಇನ್ನೂ ಸುತ್ತೋಲೆ ಹೊರಡಿಸಿಲ್ಲವೆಂದು ಭಾವಿಸಿದ್ದೇನೆ.

ಇತಿ,
ಅರ್ಜಿದಾರ

*

ಮಾರ್ಚ್ 27

ತಮ್ಮಾ,

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ನಿನ್ನ ಭಾವನೇ ಬರೆಯುತ್ತಾರೆ, ಕೆಳಗೆ ನಾನು 'ಆರೋಗ್ಯ ನೋಡಿಕೋ' ಅಂತ ಸೇರಿಸುತ್ತೇನೆ. ನಮ್ಮ ಮನೆಯ ಪದ್ಧತಿ ಅದು. ಅವರು ಮಾತಾಡುತ್ತಾರೆ, ನಾನು ಹೂಂ ಅನ್ನುತ್ತೇನೆ.

ನಿನ್ನ ಮೇಲೆ ಅವರಿಗೆ ಸಿಟ್ಟು ಬಂದಿದೆ. ಈ ಜಗಳ ನನ್ನಿಂದ, ಆದ್ದರಿಂದ ನಾನೇ ಹೇಳಬೇಕು.

ಅಂಗಡಿಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಮೊದಲು ಒಂದು ಕಿಂಡಿ ಇತ್ತಲ್ಲ, ನೆನಪಿದೆಯಾ? ಯಾವ ಕೋವಿ ಬಂದರೂ ಇವರು ಅದನ್ನು ಮಡಚಿ, ನಳಿಗೆಯ ಬುಡ ಕಾಣುವ ಹಾಗೆ ಕಿಂಡಿಯ ಕಡೆ ಹಿಡಿಯುತ್ತಿದ್ದರು. ತೋಟಾ ಇಲ್ಲದಿದ್ದರೆ ನಾನು ಒಳಗಿಂದ "ಖಾಲಿ" ಅನ್ನಬೇಕು. ನಾನು ಖಾಲಿ ಅಂದ ಮೇಲೆಯೇ ಅವರು ಕೆಲಸ ಶುರು ಮಾಡುವುದು. ಒಬ್ಬರ ಕಣ್ಣು ತಪ್ಪಿದರೂ ಇನ್ನೊಬ್ಬರ ಕಣ್ಣು ಇರಲಿ ಅಂತ ಅವರೇ ಮಾಡಿದ ಏರ್ಪಾಡು. ಹೊಸದರಲ್ಲಿ ನನಗೆ ಎಷ್ಟು ಜಂಬ! ಕೈ ಒರೆಸಿಕೊಂಡು ಬಂದು, ಬಗ್ಗಿ, ಎರಡೂ ನಳಿಗೆಯಲ್ಲಿ ಬೆಳಕು ಕಂಡಮೇಲೆ ಹೇಳುತ್ತಿದ್ದೆ. ಆಮೇಲೆ ಒಲೆ ಹತ್ತಿರದಿಂದಲೇ ಕತ್ತು ತಿರುಗಿಸಿ ಹೇಳುತ್ತಿದ್ದೆ. ಆಮೇಲೆ ಕತ್ತೂ ತಿರುಗಿಸಲಿಲ್ಲ. ಕೋವಿ ಮಡಚುವ ಟಕ್ ಅನ್ನುವ ಸದ್ದು ಕೇಳಿದರೆ ಸಾಕು, ಬಾಯಿ ತಾನಾಗಿ "ಖಾಲಿ" ಅನ್ನುತ್ತಿತ್ತು.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಟಕ್ ಅಂತು, ಖಾಲಿ ಅಂದೆ. ಇವರು ಕೋವಿ ಮುಚ್ಚಿ ತಿರುಗಿಸಿ, ಕುದುರೆ, ಅದೇ ಟ್ರಿಗರ್, ಎಷ್ಟು ಬಿಗಿ ಇದೆ ಅಂತ ಒತ್ತಿ ನೋಡಿದರು. ಖಾಲಿ ಇರಲಿಲ್ಲ. ತೋಟಾದ ಸಣ್ಣ ಗುಂಡುಗಳು ಅರ್ಧ ಗೋಡೆಗೆ, ಅರ್ಧ ಕಿಂಡಿಯೊಳಗಿಂದ ಬಂದು ಪಾತ್ರೆಯ ಗೂಡಿಗೆ ಹೊಡೆದವು. ನಾನು ಉಪ್ಪಿನ ಡಬ್ಬಿಗೆಂದು ಆಗತಾನೆ ಬಗ್ಗಿದ್ದೆ. ಎದ್ದು ನೋಡಿದರೆ, ನನ್ನ ತಲೆ ಇದ್ದ ಎತ್ತರದಲ್ಲಿ ದೊಡ್ಡ ಪಾತ್ರೆ ಜರಡಿಯಾಗಿತ್ತು.

ನಾನು ನೋಡುತ್ತೇನೆ ಅಂತ ಅವರು ನೋಡಿರಲಿಲ್ಲ. ಅವರು ನೋಡಿರುತ್ತಾರೆ ಅಂತ ನಾನು ನೋಡಿರಲಿಲ್ಲ.

ಅವರು ಒಂದು ಮಾತು ಬಯ್ಯಲಿಲ್ಲ, ತಮ್ಮಾ. ಒಂದು ತಮಾಷೆಯನ್ನೂ ಮಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಕಿಂಡಿ ಮುಚ್ಚಿಸಿದರು. "ಇನ್ಮೇಲೆ ನೀನು ಹೇಳೋದು ಬೇಡ, ನಾನೇ ನೋಡಿ ಚೀಟಿ ಕಟ್ತೀನಿ," ಅಂದರು. ಗೋಡೆಯ ತೂತುಗಳೇನು ಅಂತ ಯಾರು ಕೇಳಿದರೂ ಹೊಸ ಗೂಡು ಕೂರಿಸುವುದಕ್ಕೆ ಕೊರೆದೆ ಅಂದರು. ನನ್ನ ತಪ್ಪು ಹೊರಗೆ ಬರದಿರಲಿ ಅಂತ.

ಈಗ ನಿನ್ನ ಕಾಗದ 'ಕಣ್ಣಾರೆ ಕಂಡಿದ್ದೇನೆ' ಅಂತ ಬರೆದುಕೊಡು ಅನ್ನುತ್ತದೆ. ಕೋವಿ ಇರಬಾರದು ಅಂತ ನಾನು ಹೇಳುತ್ತಿಲ್ಲ. ಇವರ ಕೈಯಲ್ಲಿ ಕೋವಿ ಇರುವುದಕ್ಕೆ ನನಗೆ ಹೆದರಿಕೆ ಇಲ್ಲ. ನನಗೆ ಹೆದರಿಕೆ ನನ್ನ ಬಾಯಿಯದು. ಆರು ವರ್ಷದಿಂದ ಅಂಗಡಿಯೊಳಗೆ ನಾನು ಒಂದು ಕೋವಿಯನ್ನೂ ನೋಡಿಲ್ಲ. ನೋಡದೆ ಸಹಿ ಹಾಕಿದರೆ ಅದು ಇನ್ನೊಂದು ಸಲ ಖಾಲಿ ಅಂದ ಹಾಗೆ. ಇದನ್ನು ಅವರಿಗೆ ಹೇಳಲು ಹೋದರೆ ಆ ದಿನದ ಮಾತು ಎತ್ತಬೇಕು. ಇಬ್ಬರೂ ಎತ್ತಿಲ್ಲ.

ಆರೋಗ್ಯ ನೋಡಿಕೋ.

ಅಕ್ಕ

*

ಏಪ್ರಿಲ್ 3

ಅಕ್ಕಾ,

ಗೂಡು ಕೂರಿಸಲು ಎರಡು ತೂತು ಸಾಕು. ಆ ವರ್ಷ ನಾನು ಬಂದಾಗ ಗೋಡೆಯಲ್ಲಿ ಪುಟ್ಟಿ ಮೆತ್ತಿದ ಚುಕ್ಕೆಗಳನ್ನು ಎಣಿಸಿದ್ದೆ. ಇಪ್ಪತ್ತಮೂರು. ನೀನು ಬಡಿಸುತ್ತಿದ್ದೆ, ಭಾವ ನಗಿಸುತ್ತಿದ್ದರು, ನಾನು ಊಟ ಮಾಡಿ ಬಂದೆ. ಕೇಳಲಿಲ್ಲ.

ನಾಲ್ಕನೇ ಕಾಲಂ ಬರೆಯುವಾಗ ಮೇಲಿನವರು "ಇದರ ಅಗತ್ಯ ಏನು?" ಅಂದರು. ಏನೇನೋ ಕಾರಣ ಕೊಟ್ಟೆ. ಆ ಗೋಡೆಯ ವಿಷಯ ಹೇಳಲಿಲ್ಲ. ನಿನ್ನನ್ನು ಕೇಳುವ ಧೈರ್ಯವಿಲ್ಲದೆ ಇಡೀ ಜಿಲ್ಲೆಯನ್ನೇ ಕೇಳಿದವನು ನಾನು. ಭಾವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಅವರಿಗೆ ಹೇಳು ಅಕ್ಕಾ. ಸಹಿ ಹಾಕು, ಬಿಡು, ಅದು ನಿನ್ನಿಷ್ಟ. ಆದರೆ ಹೇಳು.

ತಮ್ಮ

*

ಏಪ್ರಿಲ್ 19

ಭಾಮೈದನಿಗೆ,

'ಮಾನ್ಯ ಅಧಿಕಾರಿಗಳಿಗೆ' ಅಂತ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಅಷ್ಟೇನೂ ಮಾನ್ಯನಲ್ಲ.

ನಿನ್ನ ಅಕ್ಕ ಹೇಳಿದಳು. ಊಟದ ಹೊತ್ತಿನಲ್ಲಿ, ಸಾರು ಬಡಿಸುತ್ತಾ, ಸಾರಾಂಶವಾಗಿ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಆರಿತು. ಆರು ವರ್ಷ ನಾನು ಅವಳ ತಪ್ಪನ್ನು ಮುಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ತಪ್ಪನ್ನು ಹೊತ್ತುಕೊಂಡು ಅವಳು ಒಲೆ ಮುಂದೆ ನಿಂತಿದ್ದಳು. ಕೋವಿ ಇದ್ದದ್ದು ನನ್ನ ಕೈಯಲ್ಲಿ, ಕಣ್ಣು ಇದ್ದದ್ದು ನನ್ನ ಮುಖದಲ್ಲಿ.

"ಸರಿ, ಈಗ ಏನು ಮಾಡೋಣ?" ಅಂದೆ.

"ನೋಡೋಣ," ಅಂದಳು. ಈ ಸಲ ಅದರ ಅರ್ಥ ತಿಳಿಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ಎಳೆದುಕೊಂಡು, ಕಪಾಟಿನ ಬೀಗದಕೈ ಅವಳಿಗೆ ಕೊಟ್ಟು, ಸ್ಟೂಲಿನ ಮೇಲೆ ಕೂತೆ. ಹದಿನೇಳು ಕೋವಿಗಳು, ಎಲ್ಲಕ್ಕೂ ನನ್ನ ಕೈಬರಹದ ಚೀಟಿ: 'ನೋಡಿದೆ. ಖಾಲಿ.' ಅವಳು ಒಂದೊಂದನ್ನೇ ನೆಲದ ಕಡೆ ಹಿಡಿದು, ಮಡಚಿ, ಕಿಟಕಿಯ ಬೆಳಕಿಗೆ ತಿರುಗಿಸಿ, ನೋಡಿ, ಪಕ್ಕಕ್ಕಿಟ್ಟಳು. ನಾನು ಸುಮ್ಮನಿರಲಾರದೆ, "ಮಗು ಕಿವಿ ನೋಡೋ ಡಾಕ್ಟರ ಹಾಗೆ ಕಾಣ್ತಿದೀಯ," ಅಂದೆ. "ಮಾತಾಡಿಸ್ಬೇಡಿ," ಅಂದಳು.

ಹನ್ನೊಂದನೆಯದು ದನದ ಡಾಕ್ಟರದು. ಅದನ್ನು ಮಡಚಿದವಳು ಹಾಗೇ ನಿಂತಳು.

"ಬನ್ನಿ ಇಲ್ಲಿ."

ಎಡ ನಳಿಗೆಯಲ್ಲಿ ತೋಟಾ ಇತ್ತು. ಭಾಮೈದ, ಅದರ ಕೊರಳಲ್ಲೂ ನನ್ನ ಚೀಟಿ ತೂಗುತ್ತಿತ್ತು.

ಅದು ಹೇಗಾಯಿತು ಅಂತ ಅವಳು ಕೇಳಲಿಲ್ಲ. ನಾನೇ ಹೇಳಿದೆ, ನಿನಗೂ ಹೇಳುತ್ತೇನೆ. ಮೊದಲೆಲ್ಲ ಕೋವಿ ನೋಡಿ ಚೀಟಿ ಬರೆಯುತ್ತಿದ್ದೆ. ಯಾವಾಗಿನಿಂದಲೋ, ಬೆಳಿಗ್ಗೆ ಕಾಫಿ ಕುಡಿಯುತ್ತಾ ಹತ್ತು ಚೀಟಿ ಒಟ್ಟಿಗೆ ಬರೆದಿಟ್ಟುಕೊಳ್ಳತೊಡಗಿದೆ. ಸಮಯ ಉಳಿಯುತ್ತದಲ್ಲ! ಡಾಕ್ಟರು ಅವಸರದಲ್ಲಿ ಬಂದು "ಖಾಲಿ ಇದೆ ಸ್ವಾಮಿ," ಅಂದರು. ನನ್ನ ಹತ್ತಿರ ಚೀಟಿ ಸಿದ್ಧವಾಗಿತ್ತು, ಕಟ್ಟಿಬಿಟ್ಟೆ. ಅವಳದು ಬಾಯಿಪಾಠ, ನನ್ನದು ಕೈಪಾಠ.

"ನಾನು ನೋಡಿರ್ಲಿಲ್ಲ ಕಣೇ," ಅಂದೆ. ಇಷ್ಟು ಚಿಕ್ಕ ಮಾತಿಗೆ ಇಷ್ಟು ದೊಡ್ಡ ಉಸಿರು ಬೇಕು ಅಂತ ಗೊತ್ತಿರಲಿಲ್ಲ.

ಅವಳು ತೋಟಾ ತೆಗೆಸಿ, ಉಳಿದ ಆರನ್ನೂ ನೋಡಿ ಮುಗಿಸಿ, "ಈಗ ಕೊಡಿ ಅರ್ಜಿ," ಅಂದಳು. ಸ್ಪ್ರಿಂಗಿನ ಡಬ್ಬಿಯಿಂದ ತೆಗೆದುಕೊಟ್ಟೆ. ನಾಲ್ಕನೇ ಕಾಲಂನಲ್ಲಿ ಹೀಗೆ ಬರೆದಿದ್ದಾಳೆ: 'ಹದಿನೇಳರಲ್ಲಿ ಹದಿನಾರು ಖಾಲಿ ಇದ್ದವು. ಒಂದು ತುಂಬಿತ್ತು, ಚೀಟಿಯಲ್ಲಿ ಖಾಲಿ ಎಂದಿತ್ತು. ಈಗ ಎಲ್ಲವೂ ಖಾಲಿ. ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರಿಲ್ಲ.' ಕೆಳಗೆ ಸಹಿ.

ನೀನು ಕಳಿಸಿದ ಇನ್ನೊಂದು ನಮೂನೆ ಖಾಲಿಯಾಗಿ ಮೇಜಿನ ಮೇಲೇ ಇತ್ತು. ಅವಳಿಗೂ ಅದು ಕಂಡಿತು. "ಬೇಕಾದ್ರೆ ಅದರಲ್ಲಿ ಅವರು ಕೇಳಿದ ಹಾಗೇ ಬರೆದುಕೊಡ್ತೀನಿ. ಈಗ ಎಲ್ಲಾ ಖಾಲಿನೇ ಇದೆ, ಸುಳ್ಳೇನಲ್ಲ," ಅಂದಳು. ಸುಳ್ಳಲ್ಲ, ನಿಜ. ಅದನ್ನು ಕಳಿಸಿದ್ದರೆ ಮೇ ಒಂದನೇ ತಾರೀಕು ಅಂಗಡಿ ಎಂದಿನಂತೆ ತೆರೆಯುತ್ತಿತ್ತು. ಸಂಜೆಯವರೆಗೂ ಎರಡು ಕಾಗದವನ್ನೂ ಎದುರಿಗಿಟ್ಟುಕೊಂಡು ಕೂತಿದ್ದೆ. ಪ್ರಜೆಯನ್ನು ಮೊದಲು ನಂಬಬೇಕು ಅಂತ ಚಪ್ಪಾಳೆ ಗಿಟ್ಟಿಸಿದ ಪ್ರಜೆ ನಾನೇ ತಾನೆ?

ಅವಳು ಬರೆದದ್ದನ್ನೇ ಕಳಿಸುತ್ತಿದ್ದೇನೆ. ನಿನ್ನ ಕೆಲಸ ನೀನು ಮಾಡು. ಭಾವ ಅಂತ ಬಿಟ್ಟೀಯ, ಜೋಕೆ.

ಭಾವ

*

ಮೇ 6

ಭಾವನವರಿಗೆ,

ಸಂಬಂಧಿಕರ ಕಡತಕ್ಕೆ ನಾನು ಸಹಿ ಹಾಕುವಂತಿಲ್ಲ. ಮೇಲಧಿಕಾರಿಗೆ ಕಳಿಸಿದ್ದೆ. ಅವರು ನಿನ್ನೆ ನನ್ನನ್ನು ಕರೆಸಿದರು. ದೂರು ಕೊಟ್ಟವರು ಯಾರು ಅಂತ ಹುಡುಕುತ್ತಿದ್ದರು.

"ಅರ್ಜಿದಾರರೇ, ಸರ್," ಅಂದೆ.

"ತನ್ನ ಮೇಲೆ ತಾನೇನಾ? ಅದಕ್ಕೆ ನಮ್ಮಲ್ಲಿ ಕಾಲಂ ಇಲ್ವಲ್ರೀ!"

ತುಂಬಾ ಹೊತ್ತು ಪುಟ ತಿರುಗಿಸಿದರು. ಕೊನೆಗೆ ಎರಡು ತಿಂಗಳು ಅಂಗಡಿ ಮುಚ್ಚಬೇಕು, ಗಿರಾಕಿಗಳ ಕೋವಿ ಹಿಂದಿರುಗಿಸಬೇಕು, ಆಮೇಲೆ ತಪಾಸಣೆ ಮಾಡಿ ಲೈಸೆನ್ಸು ನವೀಕರಿಸಬಹುದು ಅಂತ ಬರೆದರು. ಆದೇಶ ಇದರೊಂದಿಗಿದೆ. ಇನ್ನೂ ಕಡಿಮೆ ಮಾಡಿಸಬಹುದಿತ್ತೇನೋ. ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಬಯ್ಯುವುದಾದರೆ ಕಾಗದದಲ್ಲೇ ಬಯ್ಯಿರಿ, ಇಟ್ಟುಕೊಳ್ಳುತ್ತೇನೆ.

ಭಾಮೈದ

*

ಮೇ 21

ಭಾಮೈದನಿಗೆ,

ಬಯ್ಯುವುದಕ್ಕೆ ಪುರುಸೊತ್ತಿಲ್ಲ. ಅಂಗಡಿ ಮುಚ್ಚಿದವನಿಗೆ ಎಷ್ಟು ಕೆಲಸವಿರುತ್ತದೆ ಅನ್ನುವುದು ನಿಮ್ಮ ಇಲಾಖೆಗೆ ತಿಳಿಯದು. ಹದಿನೇಳು ಕೋವಿಗಳನ್ನೂ ಹಿಂದಿರುಗಿಸಿದೆ. ದನದ ಡಾಕ್ಟರ ಕೈಯಲ್ಲಿ ಅವರ ತೋಟಾವನ್ನೂ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಜೇಬಿಗೆ ಹಾಕಿಕೊಂಡು ಹೋದರು. ಗುರಿಕಾರರ ಸಂಘದವರು ಇನ್ನೊಂದು ಭಾಷಣ ಕೇಳಿದ್ದಾರೆ. ಇನ್ನೂ ಹೂಂ ಅಂದಿಲ್ಲ. ನಿನ್ನ ಕಾಲಂ ಸರಿ ಅಂತ ನಾನು ಒಪ್ಪಿಬಿಟ್ಟೆ ಅಂದುಕೊಳ್ಳಬೇಡ. ಅದು ತಪ್ಪು ಅನ್ನುವುದಕ್ಕೆ ಮೊದಲಿದ್ದಷ್ಟು ಗಂಟಲು ಈಗಿಲ್ಲ, ಅಷ್ಟೆ.

ಇವತ್ತು ಬೆಳಿಗ್ಗೆ ಒಬ್ಬ ಗಿರಾಕಿ ಬಂದ, ಲಾರಿ ಮಾಲೀಕ. ಹೆಗಲಲ್ಲಿ ಚೀಲ, ಚೀಲದಲ್ಲಿ ಕೋವಿ. ಬಾಗಿಲು ಮುಚ್ಚಿದ್ದು ಕಂಡು ಹಿಂದಿನಿಂದ ಬಂದು ಅಡುಗೆಮನೆಯ ಬಾಗಿಲು ತಟ್ಟಿದ. ನಿನ್ನ ಅಕ್ಕ ತೆರೆದಳು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ.

"ಏನಮ್ಮಾ, ಅಂಗಡಿ ಮುಚ್ಚೇ ಇದೆ? ಯಜಮಾನ್ರಿಗೆ ಹುಷಾರಿಲ್ವಾ?"

ಹೂಂ ಅನ್ನುತ್ತಾಳೆ ಅಂದುಕೊಂಡೆ. ಅಷ್ಟು ಸುಲಭದ ನೆಪವನ್ನು ಗಿರಾಕಿಯೇ ತಂದು ಕೈಗೆ ಕೊಟ್ಟಿದ್ದಾನೆ, ತೆಗೆದುಕೊಳ್ಳಬೇಕಷ್ಟೆ.

"ಹುಷಾರಾಗೇ ಇದ್ದಾರೆ," ಅಂದಳು. "ತುಂಬಿದ ಕೋವಿಗೆ ಖಾಲಿ ಅಂತ ಚೀಟಿ ಕಟ್ಟಿದ್ವಿ. ಅದಕ್ಕೆ ಎರಡು ತಿಂಗಳು ಮುಚ್ಚಿದೀವಿ."

ನಗುತ್ತಾನೇನೋ, ಊರೆಲ್ಲ ಡಂಗುರ ಹೊಡೆಯುತ್ತಾನೇನೋ ಅಂತ ಕಿಟಕಿಯಿಂದ ಬಗ್ಗಿ ನೋಡಿದೆ. ಅವನು ಸರಿ ಅಂತ ತಲೆಯಾಡಿಸಿ, ಅಂಗಳ ದಾಟಿ, ಗೇಟಿನವರೆಗೂ ಹೋದ. ಅಲ್ಲಿ ನಿಂತ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು, ಹೆಗಲಿನ ಚೀಲ ಇಳಿಸಿ, ತನ್ನ ಕೋವಿ ಹೊರಗೆ ತೆಗೆದ. ನೆಲದ ಕಡೆ ಹಿಡಿದು ಮಡಚಿ, ಬಿಸಿಲಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿದ.

ಭಾವ